ಮೂರನೇ ಮಹಡಿಯ ಬಾಗಿಲು

ಯಶ್ವಂತ್ ಬಿಡಿಸಿದ ಸರ್ಕ್ಯೂಟ್ ಡ್ರಾಯಿಂಗ್ ತೆರೆದಾಗಲೆಲ್ಲ ನನಗೆ ಉಂಡು ತೊಳೆಯದೆ ಬಿಟ್ಟ ತಟ್ಟೆ ನೋಡಿದ ಹಾಗಾಗುತ್ತದೆ. ಗೆರೆಗಳು ಅಡ್ಡಾದಿಡ್ಡಿ, ಹೆಸರುಗಳು ಒಂದರ ಮೇಲೊಂದು, ಎಂದೋ ಅಳಿಸಬೇಕಿದ್ದ ಚೂರುಪಾರು ಮೂಲೆಯಲ್ಲಿ ಹಾಗೇ ಬಿದ್ದಿರುತ್ತದೆ. ಕೇಳಿದರೆ "ವರ್ಕ್ ಆಗ್ತಿದೆಯಲ್ಲ ಕಣೇ" ಎನ್ನುತ್ತಾನೆ. ಕಾಮಾಕ್ಷಿಪಾಳ್ಯದ ನಮ್ಮ ಆಫೀಸಿನಲ್ಲಿ ಆ ಮಾತಿಗೆ ಎದುರು ಮಾತಿಲ್ಲ. ಕೆಲಸ ಮಾಡುತ್ತಿದೆ ಅಂದಮೇಲೆ ಹೇಗೆ ಮಾಡುತ್ತಿದೆ ಎಂದು ಕೇಳುವವರು ತಲೆಹರಟೆಗಳು. ಆಫೀಸಿಗೆಲ್ಲ ಇರುವ ಒಂದೇ ತಲೆಹರಟೆ ನಾನು, ಕವನಾ.

ನಮ್ಮದು ಲಿಫ್ಟಿನ ಕಂಟ್ರೋಲ್ ಬೋರ್ಡ್ ಮಾಡುವ ಸಣ್ಣ ಕಂಪನಿ. ಮಾಲೀಕರು ನಾಗೇಂದ್ರ. ವಿಜಯನಗರ, ಬಾಪೂಜಿ ನಗರ, ಶ್ರೀಗಂಧದ ಕಾವಲ್ ಕಡೆ ಮೂವತ್ತು ನಲವತ್ತರ ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಉಳಿದ ಸಂದಿಯಲ್ಲಿ ಲಿಫ್ಟ್ ತುರುಕಿ ಬಾಡಿಗೆಗೆ ಬಿಡುತ್ತಾರಲ್ಲ, ಅಂಥ ಕಟ್ಟಡಗಳೇ ನಮ್ಮ ಗಿರಾಕಿಗಳು. ಕೈಯಿಂದ ಎಳೆದು ತೆಗೆಯುವ ಬಾಗಿಲಿನ ಲಿಫ್ಟುಗಳು. ಅವುಗಳ ಬೋರ್ಡಿನ ಡ್ರಾಯಿಂಗ್ ಯಶ್ವಂತನದು. ಹೊಸ ಆರ್ಡರ್ ಬಂದರೆ ಅದನ್ನು ಹಿಗ್ಗಿಸಿ ಕುಗ್ಗಿಸಿ ಕೊಡುವ ಕೆಲಸ ನನ್ನದು.

ಲಿಫ್ಟಿನ ಬೋರ್ಡಿನಲ್ಲಿ ಪ್ರತಿ ಮಹಡಿಯ ಸರ್ಕ್ಯೂಟೂ ಒಂದೇ ಥರ ಇರುತ್ತದೆ. ಒಂದು ಬಟನ್, ಒಂದು ದೀಪ, ಬಾಗಿಲಿನ ಸ್ವಿಚ್ಚಿನಿಂದ ಬರುವ ತಂತಿಗೆ ಒಂದು ಜಾಗ. ಅದನ್ನೇ ನಾಲ್ಕು ಸಲ ಬಿಡಿಸುವುದು ದಡ್ಡತನ. ಹಾಗಾಗಿ ಸಾಫ್ಟ್‌ವೇರಿನಲ್ಲಿ 'ಮಹಡಿ' ಎಂದು ಒಂದೇ ಶೀಟ್ ಬಿಡಿಸಿ, ಅದರ ಮೇಲಿನ ಶೀಟಿನಲ್ಲಿ ಅದನ್ನು ನಾಲ್ಕು ಡಬ್ಬಿಗಳಾಗಿ ಇಡುತ್ತೇವೆ. ಒಳಗೆ ಒಂದು ಕಡೆ ತಿದ್ದಿದರೆ ನಾಲ್ಕೂ ಕಡೆ ತಿದ್ದಿದಂತೆ. ಒಳಗೆ ಒಂದು ಕಡೆ ಹೊಲಸು ಮಾಡಿದರೆ ನಾಲ್ಕೂ ಕಡೆ ಹೊಲಸಾಗುತ್ತದೆ.

ಶ್ರೀಗಂಧದ ಕಾವಲ್‌ನ ಬಿಲ್ಡರ್ ಒಬ್ಬ ಆರು ಮಹಡಿಗೆ ಬೋರ್ಡ್ ಕೇಳಿದ. "ಎರಡು ಡಬ್ಬಿ ಜಾಸ್ತಿ ಇಡಮ್ಮ, ಇನ್ನೇನಿದೆ" ಎಂದರು ನಾಗೇಂದ್ರ. ಇಟ್ಟೆ. ಆಮೇಲೆ ನನ್ನ ಅಭ್ಯಾಸದಂತೆ ನೆಟ್‌ಲಿಸ್ಟ್ ತೆಗೆದು ಓದಲು ಕೂತೆ. ಡ್ರಾಯಿಂಗ್ ಇರುವುದು ಕಣ್ಣಿಗೆ. ನೆಟ್‌ಲಿಸ್ಟಿನಲ್ಲಿ ಯಾವ ಪಿನ್ನು ಯಾವ ಪಿನ್ನಿಗೆ ಅಂಟಿಕೊಂಡಿದೆ ಎಂಬುದಷ್ಟೇ ಸಾಲು ಸಾಲಾಗಿ ಇರುತ್ತದೆ, ಬೇರೆ ಅಲಂಕಾರವಿಲ್ಲ. ಬೋರ್ಡಿನ ಮೇಲೆ ತಾಮ್ರದ ಗೆರೆಗಳು ಹುಟ್ಟುವುದು ಅದನ್ನು ನೋಡಿಕೊಂಡೇ. ಆದರೂ ನಮ್ಮ ಆಫೀಸಿನಲ್ಲಿ ಅದನ್ನು ತೆರೆದು ನೋಡುವವರು ಯಾರೂ ಇರಲಿಲ್ಲ.

ಲಿಫ್ಟಿಗೆ ಇರುವ ದೊಡ್ಡ ಕಟ್ಟುಪಾಡು ಒಂದೇ. ಯಾವ ಮಹಡಿಯ ಬಾಗಿಲು ತೆರೆದಿದ್ದರೂ ಅದು ಅಲುಗಬಾರದು. ಅದಕ್ಕಾಗಿ ಪ್ರತಿ ಬಾಗಿಲಿಗೂ ಒಂದು ಸ್ವಿಚ್. ಬಾಗಿಲು ಮುಚ್ಚಿದರೆ ಸ್ವಿಚ್ ಕೂಡುತ್ತದೆ, ತೆರೆದರೆ ಬಿಟ್ಟುಕೊಳ್ಳುತ್ತದೆ. ಕರೆಂಟು ನೆಲಮಹಡಿಯ ಸ್ವಿಚ್ ದಾಟಿ, ಒಂದನೇ ಮಹಡಿಯದನ್ನು ದಾಟಿ, ಹೀಗೆ ಎಲ್ಲವನ್ನೂ ದಾಟಿದ ಮೇಲೆ ಮೋಟಾರಿಗೆ ಅಪ್ಪಣೆ ಕೊಡುವ ರಿಲೇಗೆ ಹೋಗಬೇಕು. ನಡುವೆ ಒಂದು ಬಾಗಿಲು ತೆರೆದಿದ್ದರೆ ಅಲ್ಲೇ ನಿಲ್ಲಬೇಕು. ಅಂದರೆ ನೆಟ್‌ಲಿಸ್ಟಿನಲ್ಲಿ ಒಂದು ಬಾಗಿಲಿಗೂ ಮುಂದಿನ ಬಾಗಿಲಿಗೂ ನಡುವೆ ಪ್ರತಿ ಸಲವೂ ಬೇರೆ ತಂತಿ ಕಾಣಬೇಕು. ನನಗೆ ಕಂಡದ್ದು ಒಂದೇ ತಂತಿ. 'ಡೋರ್ ಔಟ್' ಎಂಬ ಒಂದೇ ಹೆಸರಿನ ಕೆಳಗೆ ಎಲ್ಲ ಮಹಡಿಯ ಪಿನ್ನುಗಳೂ, ಅವುಗಳ ಜೊತೆಗೇ ರಿಲೇಯ ಪಿನ್ನೂ ಕೂತಿದ್ದವು.

ಒಂದು ಶೀಟಿನಿಂದ ತಂತಿ ಹೊರಗೆ ಬರಬೇಕಾದರೆ ಆ ಶೀಟಿನ ಅಂಚಿಗೆ ಪಿನ್ ಇಟ್ಟು, ಮೇಲಿನ ಶೀಟಿನಲ್ಲಿ ಒಂದು ಡಬ್ಬಿಯಿಂದ ಮುಂದಿನ ಡಬ್ಬಿಗೆ ಗೆರೆ ಎಳೆಯಬೇಕು. ಯಶ್ವಂತನಿಗೆ ಅಷ್ಟು ವ್ಯವಧಾನ ಎಲ್ಲಿಯದು. ಶೀಟಿನ ಒಳಗೇ ಗ್ಲೋಬಲ್ ಲೇಬಲ್ ಅಂಟಿಸಿಬಿಟ್ಟಿದ್ದ. ಗ್ಲೋಬಲ್ ಲೇಬಲ್ ಅಂದರೆ, ಆ ಹೆಸರು ಇಡೀ ಡ್ರಾಯಿಂಗಿನಲ್ಲಿ ಎಲ್ಲಿ ಕಂಡರೂ ಅದೆಲ್ಲ ಒಂದೇ ತಂತಿ ಎಂದು ಸಾಫ್ಟ್‌ವೇರ್ ತಿಳಿಯುತ್ತದೆ. ಶೀಟನ್ನು ನಾಲ್ಕು ಸಲ ಇಟ್ಟಾಗ ಹೆಸರು ನಾಲ್ಕು ಕಡೆ ಹುಟ್ಟಿತು, ನಾಲ್ಕೂ ಒಂದಕ್ಕೊಂದು ಅಂಟಿಕೊಂಡವು. ನೆಲಮಹಡಿಯ ಬಾಗಿಲೊಂದು ಮುಚ್ಚಿದ್ದರೆ ಸಾಕು, ಕರೆಂಟು ನೇರವಾಗಿ ರಿಲೇಗೆ ಹೋಗುತ್ತದೆ. ಮೇಲಿನ ಮಹಡಿಗಳ ಬಾಗಿಲು ಮುಚ್ಚಿದ್ದರೂ ಅಷ್ಟೇ, ತೆರೆದಿದ್ದರೂ ಅಷ್ಟೇ, ಲಿಫ್ಟ್ ಓಡುತ್ತದೆ. ಈ ಡ್ರಾಯಿಂಗಿನಿಂದ ಹುಟ್ಟಿದ ನಾಲ್ಕು ಮಹಡಿಯ ಬೋರ್ಡುಗಳು ಆಗಲೇ ಎಷ್ಟೋ ಕಟ್ಟಡಗಳಲ್ಲಿ ಕೂತಿದ್ದವು.

ಯಶ್ವಂತನನ್ನು ಕರೆದೆ. ಬೇಕರಿಯ ಎಗ್ ಪಫ್ ತಿನ್ನುತ್ತಲೇ ಬಂದು ನನ್ನ ಕುರ್ಚಿಯ ಮೇಲೆ ಬಗ್ಗಿ ನಿಂತ.

"ಡೋರ್ ಔಟ್‌ನ ಗ್ಲೋಬಲ್ ಯಾಕೆ ಮಾಡ್ದೆ?"

"ಪಿನ್ ಇಡ್ತಾ ಕೂರೋದು ಬೋರು ಕಣೇ. ಇದಾದ್ರೆ ಒಂದ್ ಸಲ ಹೆಸ್ರು ಹೊಡುದ್ರೆ ಮುಗೀತು."

"ಮೇಲಿನ್ ಯಾವ ಬಾಗ್ಲೂ ಲೆಕ್ಕಕ್ಕೇ ಇಲ್ಲ ಇದ್ರಲ್ಲಿ. ಒಂದೇ ತಂತಿಗೆ ಎರಡು ಹೆಸ್ರು ಇದೆ ಅಂತ ಸಾಫ್ಟ್‌ವೇರು ವಾರ್ನಿಂಗ್ ಬೇರೆ ಕೊಟ್ಟಿದೆ. ನೋಡ್ಲಿಲ್ವಾ?"

"ವಾರ್ನಿಂಗ್ ಯಾವನು ಓದ್ತಾನೆ. ನೂರಾರು ಬರ್ತವೆ." ಪಫ್‌ನ ಪುಡಿ ನನ್ನ ಕೀಬೋರ್ಡಿನ ಮೇಲೆ ಉದುರಿತು. "ಟೆಸ್ಟ್ ಪಾಸ್ ಆಗಿದೆಯಲ್ಲ?"

ಟೆಸ್ಟ್ ಅಂದರೆ ಗೋಡೆಗೆ ಆನಿಸಿ ನಿಲ್ಲಿಸಿದ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಬಾಗಿಲಿನ ಸ್ವಿಚ್ ಇರುವುದು ಒಂದೇ, ಅದೂ ನೆಲಮಹಡಿಯದು. ಉಳಿದ ಮಹಡಿಗಳ ಜಾಗದಲ್ಲಿ ಎರಡು ತುದಿಗೂ ತುಂಡು ತಂತಿ ಸಿಕ್ಕಿಸಿ ಬಾಗಿಲು ಮುಚ್ಚಿದೆ ಅಂದುಕೊಳ್ಳುವುದು. ಎಲ್ಲ ಮಹಡಿಗೂ ಒಂದೇ ಶೀಟ್ ತಾನೆ, ಒಂದು ನೋಡಿದರೆ ಎಲ್ಲ ನೋಡಿದ ಹಾಗೆ ಎಂಬುದು ಇಲ್ಲಿಯ ಶಾಸ್ತ್ರ. ಕಟ್ಟಡದಲ್ಲಿ ಲಿಫ್ಟ್ ಒಪ್ಪಿಸುವಾಗಲೂ ಅಷ್ಟೇ. ಪೂಜೆ ನೆಲಮಹಡಿಯ ಬಾಗಿಲಿಗೆ, ನಿಂಬೆಹಣ್ಣು ನೆಲಮಹಡಿಯ ಹೊಸ್ತಿಲಿಗೆ, ಬಾಗಿಲು ತೆರೆದರೆ ಲಿಫ್ಟ್ ನಿಲ್ಲುತ್ತದೆ ಎಂದು ಮಾಲೀಕರಿಗೆ ತೋರಿಸುವುದೂ ಅಲ್ಲೇ. ಮೇಲಿನ ಬಾಗಿಲುಗಳಿಗೆ ಹೂವೂ ಇಲ್ಲ, ಪರೀಕ್ಷೆಯೂ ಇಲ್ಲ.

ನೆಟ್‌ಲಿಸ್ಟಿನ ಆ ಹಾಳೆ ಹಿಡಿದು ನಾಗೇಂದ್ರರ ಕೋಣೆಗೆ ಹೋದೆ. ಕಾರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ ಕೂತಿದ್ದರು. ನಾನು ಹೇಳುತ್ತಾ ಹೋದೆ, ಅವರು ಕೆರೆದುಕೊಳ್ಳುತ್ತಾ ಹೋದರು. ಬಾಯಿ ತೆರೆದು ಗಾಬರಿಯಾಗುತ್ತಾರೆ, ಫೋನ್ ಕೈಗೆತ್ತಿಕೊಳ್ಳುತ್ತಾರೆ ಎಂದು ನಾನು ಕಾದದ್ದೇ ಬಂತು.

"ಗೊತ್ತು ಬಿಡಮ್ಮ. ದುಂಡಪ್ಪ ಹೋದ್ ವರ್ಷನೇ ಹೇಳಿದ್ದ."

ದುಂಡಪ್ಪ ನಮ್ಮ ಲಿಫ್ಟುಗಳ ರಿಪೇರಿಗೆ ಹೋಗುವ ಮೆಕ್ಯಾನಿಕ್. ನಾಗೇಂದ್ರ ಕೀಲಿಯ ತುದಿಯನ್ನು ಪ್ಯಾಂಟಿಗೆ ಒರೆಸಿ, ಫೋನಿನಲ್ಲಿ ಒಂದು ವಾಯ್ಸ್ ಮೆಸೇಜ್ ಹುಡುಕಿ ಹಾಕಿದರು. ವಿಜಯನಗರ ಮಾರ್ಕೆಟ್ಟಿನ ಹಿಂದೆ ಕಟ್ಟಡ ಇರುವ ಮುನಿರಾಜು ಎಂಬವರ ದನಿ. "ನಾಗೇಂದ್ರಣ್ಣ, ನಿಮ್ ಲಿಫ್ಟು ಚಿಂದಿ. ಪಕ್ಕದ್ ಬಿಲ್ಡಿಂಗಲ್ಲಿ ಯಾರಾದ್ರೂ ಒಬ್ರು ಬಾಗ್ಲು ಸರ್ಯಾಗಿ ಹಾಕಿಲ್ಲ ಅಂದ್ರೆ ಲಿಫ್ಟೇ ಬರಲ್ಲ. ಮೆಟ್ಲಲ್ಲಿ ನಿಂತ್ಕೊಂಡು ಬಾಗ್ಲು ಹಾಕ್ರಪ್ಪಾ ಬಾಗ್ಲು ಹಾಕ್ರಪ್ಪಾ ಅಂತ ಬಾಯ್ ಬಡ್ಕೋಬೇಕು. ನಮ್ದು ಹಂಗಿಲ್ಲ. ಕರುದ್ರೆ ಬರ್ತದೆ."

"ಕೇಳಿದ್ಯಾ?" ಎಂದರು ನಾಗೇಂದ್ರ. "ಈ ಒಂದು ಮಾತಿಂದ ನನಗೆ ಆ ರೋಡಲ್ಲೇ ಇನ್ನೂ ಆರ್ಡರ್ ಬಂದಿದೆ. ಇದು ಕಂಪ್ಲೇಂಟ್ ಅಲ್ಲಮ್ಮ, ನಮ್ ಪ್ಲಸ್ ಪಾಯಿಂಟು."

ಯಶ್ವಂತನ ಸೋಮಾರಿತನವನ್ನು ಹೇಗೋ ನುಂಗಬಹುದು, ಅದು ಸೋಮಾರಿತನ. ಇದು ಬೇರೆಯೇ. ಲಿಫ್ಟಿಲ್ಲದ ಖಾಲಿ ಗುಂಡಿಗೆ ಬಾಗಿಲು ತೆರೆದುಕೊಡುವ ಯಂತ್ರವನ್ನು ಅದು ಹಾಗಿದೆ ಎಂದು ಗೊತ್ತಿದ್ದೂ ಮಾರುವುದು, ಮಾರಿ ಹೊಗಳಿಸಿಕೊಳ್ಳುವುದು. ಆ ಕೋಣೆಯ ಗಾಳಿಯನ್ನು ಒಳಗೆಳೆದುಕೊಳ್ಳುವುದಕ್ಕೂ ನನಗೆ ಹೇಸಿಗೆಯಾಯಿತು.

"ಯಾರಾದ್ರೂ ಬಿದ್ರೆ ಸಾರ್?"

"ಲಿಫ್ಟ್ ಇಲ್ದೇ ಇದ್ದಾಗ ಬಾಗ್ಲು ತೆಗಿಯಕ್ಕೇ ಬರಲ್ಲ. ಪ್ರತಿ ಬಾಗ್ಲಿಗೂ ಕೊಂಡಿ ಇಲ್ವಾ? ಇಷ್ಟ್ ದಿನ ಯಾರಾದ್ರೂ ಬಿದ್ದಿದಾರಾ?"

ಆರು ಮಹಡಿಯ ಡ್ರಾಯಿಂಗ್ ಇದೇ ಥರ ಹೋಗುವುದಾದರೆ ಅದರ ಮೇಲೆ ನನ್ನ ಹೆಸರು ಇರುವುದಿಲ್ಲ, ನಾನೂ ಇರುವುದಿಲ್ಲ ಎಂದೆ. ಬಿಲ್ಡರನಿಗೆ ಮಾತು ಕೊಟ್ಟಾಗಿತ್ತು, ನನ್ನನ್ನು ಬಿಟ್ಟರೆ ಅದನ್ನು ಮುಗಿಸುವವರು ಇರಲಿಲ್ಲ. ನಾಗೇಂದ್ರ ನಿಟ್ಟುಸಿರು ಬಿಟ್ಟು, "ಹೊಸ್ದನ್ನ ನಿಂಗೆ ಹೆಂಗ್ ಬೇಕೋ ಹಂಗ್ ಮಾಡ್ಕೋ. ಹಳೇದು ಮುನಿರಾಜು ಬಿಲ್ಡಿಂಗಲ್ಲಿ ಒಂದು ಸರಿ ಮಾಡಿ ನೋಡು, ಆಮೇಲೆ ಮಿಕ್ಕಿದ್ದು" ಎಂದರು. ಅಷ್ಟಕ್ಕೇ ಗೆದ್ದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ದುಂಡಪ್ಪನ ಜೊತೆ ವಿಜಯನಗರಕ್ಕೆ ಹೋದೆ. ದುಂಡಪ್ಪ ಗೋಕಾಕದ ಕಡೆಯವನು, ಬೆಂಗಳೂರಿಗೆ ಬಂದು ಬಹಳ ಕಾಲವಾಗಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ದಾರಿಯಲ್ಲೇ ಕೇಳಿದೆ. "ನಾ ಹೇಳೇನ್ರಿ ಸಾಹೇಬ್ರಿಗೆ. ಅವ್ರು ಬಿಡಪಾ ಅಂದ್ರು, ನಾ ಬಿಟ್ಟೆ. ನನ್ ಕೆಲ್ಸ ಹೇಳಾದಷ್ಟೇ ಅಲ್ರಿ ಮತ್ತ" ಎಂದ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಹೊಟ್ಟೆಪಾಡಿನವನು ಎಂದು ಕನಿಕರ ಪಡಬೇಕೋ ಕೆನ್ನೆಗೆ ಬಿಡಬೇಕೋ ತಿಳಿಯದೆ ನಾನು ಆಟೋದ ಹೊರಗೆ ನೋಡುತ್ತ ಕೂತೆ.

ಟೆರೇಸಿನ ಮೇಲಿನ ಗೂಡಿನಂಥ ಕೋಣೆಯಲ್ಲಿ ಬೋರ್ಡ್ ಇತ್ತು. ಮೇನ್ ಆಫ್ ಮಾಡಿಸಿ, 'ಡೋರ್ ಔಟ್' ಎಂಬ ಆ ಒಂದೇ ತಾಮ್ರದ ಗೆರೆಯನ್ನು ಬ್ಲೇಡಿನಿಂದ ಅಲ್ಲಲ್ಲಿ ಕತ್ತರಿಸಿದೆ. ನೆಲಮಹಡಿಯಿಂದ ಒಂದಕ್ಕೆ, ಒಂದರಿಂದ ಎರಡಕ್ಕೆ, ಹೀಗೆ ಬೇರೆ ತಂತಿ ಎಳೆದು ಬೆಸುಗೆ ಹಾಕಿದೆ. ಮೇನ್ ಮತ್ತೆ ಹಾಕಿಸಿದ ಮೇಲೆ ದುಂಡಪ್ಪ ಒಂದೊಂದೇ ಮಹಡಿಗೆ ಇಳಿದು ಬಾಗಿಲು ತೆರೆದು ಬಟನ್ ಒತ್ತಿ ನೋಡಿದ. ಲಿಫ್ಟ್ ಎಲ್ಲೂ ಅಲುಗಲಿಲ್ಲ. ಹೀಗೆ ನಿಲ್ಲಬೇಕಾದ್ದು ನಿಂತದ್ದು ನೋಡಿದ ಸಮಾಧಾನ ನನಗೆ ಎಷ್ಟೋ ದಿನದಿಂದ ಸಿಕ್ಕಿರಲಿಲ್ಲ.

ಮೂರನೇ ಮಹಡಿಗೆ ಇಳಿದಾಗ ಇನ್ನೊಂದು ಕಂಡಿತು. ಲಿಫ್ಟ್ ಇಲ್ಲದಾಗ ಬಾಗಿಲನ್ನು ಹಿಡಿದಿಡಬೇಕಾದ ಕೊಂಡಿಯನ್ನು, ನಾಗೇಂದ್ರ ಹೇಳಿದ್ದ ಅದೇ ಕೊಂಡಿಯನ್ನು, ಲಂಗದ ಲಾಡಿಯಿಂದ ಹಿಂದಕ್ಕೆ ಎಳೆದು ಕಟ್ಟಿಹಾಕಿದ್ದರು. ಯಾವಾಗ ಎಳೆದರೂ ಬಾಗಿಲು ತೆರೆದುಕೊಳ್ಳುತ್ತಿತ್ತು.

"ಅದು ಬಿಗಿ ಆಕ್ಕಿತ್ರಿ, ಎಳಿಯಾಕ ಬರ್ತಿದ್ದಿಲ್ಲ. ಅಮ್ಮಾರ ಕಟ್ಟ್ಯಾರ್ರಿ," ಎಂದ ದುಂಡಪ್ಪ.

ಅಮ್ಮಾರು ಅಂದರೆ ವಿಮಲಮ್ಮ, ಮುನಿರಾಜುವಿನ ಅಕ್ಕ. ಈ ಬೀದಿಯೆಲ್ಲ ಅವರ ಮನೆತನದ ರಾಗಿ ಹೊಲವಾಗಿದ್ದ ಕಾಲದವರು. ಮುನಿರಾಜು ಕಟ್ಟಡ ಎಬ್ಬಿಸಿ ಮೂರನೇ ಮಹಡಿಯನ್ನು ಅಕ್ಕನಿಗೂ ಅವರ ಮಗಳ ಸಂಸಾರಕ್ಕೂ ಬಿಟ್ಟುಕೊಟ್ಟಿದ್ದರು. ವಿಮಲಮ್ಮನಿಗೆ ಮಂಡಿ ಸವೆದಿದೆ, ಸಕ್ಕರೆ ಕಾಯಿಲೆ ಕಣ್ಣಿಗೂ ಇಳಿದಿದೆ. ಆದರೂ ದಿನಾ ಬೆಳಿಗ್ಗೆ ಕೆಳಗಿಳಿದು, ಸೊಪ್ಪಿನವಳ ಹತ್ತಿರ ಜಗಳವಾಡಿ, ಎದುರು ಅಂಗಡಿಯಲ್ಲಿ ಕೂತು ಬೀದಿಯ ಸುದ್ದಿಯನ್ನೆಲ್ಲ ತೆಗೆದುಕೊಂಡೇ ಮೇಲೆ ಬರುವುದು. ನಮಗೆ ಕಾಫಿ ಕೊಟ್ಟರು. ನನ್ನ ಮುಖ ನೋಡಿ ಅಲ್ಲ, ನನ್ನ ದನಿ ಬಂದ ಕಡೆಗೆ ಲೋಟ ಚಾಚಿ.

"ನಿಂಗೆ ಪುಣ್ಯ ಬರ್ಲಿ ಕಣಮ್ಮ. ಈ ಲಿಫ್ಟ್ ಇಲ್ದಿದ್ರೆ ನಾನು ಈ ಗೂಡಲ್ಲೇ ಕೂತ್ಕೊಂಡ್ ಸಾಯ್ಬೇಕಿತ್ತು" ಎಂದರು. ನಾನು ಲಾಡಿ ಬಿಚ್ಚಿದೆ, ಕೊಂಡಿಗೆ ಗ್ರೀಸ್ ಹಾಕಿಸಿದೆ, ಇನ್ನು ಮೇಲೆ ಬಾಗಿಲನ್ನು ಸರಿಯಾಗಿ ಮುಚ್ಚದಿದ್ದರೆ ಲಿಫ್ಟ್ ಬರುವುದಿಲ್ಲ ಎಂದು ವಿವರಿಸಿದೆ. ತಲೆಯಾಡಿಸಿದರು.

ಅದೇ ವಾರ ಫೋನುಗಳು ಶುರುವಾದವು. ಲಿಫ್ಟ್ ಕೈಕೊಡುತ್ತಿದೆ, ಕರೆದರೆ ಬರುತ್ತಿಲ್ಲ, ಎರಡನೇ ಮಹಡಿಯ ಹುಡುಗರು ಬಾಗಿಲು ಬಿಟ್ಟು ಹೋಗುತ್ತಾರೆ, ಸಿಲಿಂಡರ್ ತರುವವನು ಬಿಟ್ಟು ಹೋಗುತ್ತಾನೆ. ಬಾಗಿಲು ಮುಚ್ಚಲು ಅವರಿಗೆ ಹೇಳಬಹುದಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಸರಿಯಾಗಿದ್ದ ಲಿಫ್ಟನ್ನು ಆ ಹುಡುಗಿ ಬಂದು ಹಾಳು ಮಾಡಿ ಹೋದಳು ಎಂಬುದೇ ಮಾತಾಯಿತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಶ್ವಂತ್ ಹಲ್ಲು ಕಿರಿಯುತ್ತ ಸುದ್ದಿ ತಂದ.

"ನಿನ್ ಆಪರೇಷನ್ ಫೇಲ್ ಕಣೇ. ದುಂಡಪ್ಪ ಹೋಗಿ ನೀನ್ ಕಟ್ ಮಾಡಿದ್ದೆಲ್ಲಾ ಮತ್ತೆ ಜೋಡ್ಸಿ ಬಂದ. ಬಾಸೇ ಕಳ್ಸಿದ್ದು."

ಡಬ್ಬಿಯ ಮುಚ್ಚಳ ಹಾಕಿ ಎದ್ದೆ. ನಾಗೇಂದ್ರ ಆಗಲೇ ನನಗೆ ಹೇಳಿ ಕಳಿಸಲು ಕೂತಿದ್ದರು. "ಬಂದ್ಯಾ? ಆರು ಮಹಡಿದ್ರಲ್ಲಿ ಒಂದು ಬೈಪಾಸ್ ಸ್ವಿಚ್ ಇಡು. ಬಾಗ್ಲು ನೋಡ್ಬೇಕಾ ಬೇಡ್ವಾ ಅಂತ ಕಸ್ಟಮರೇ ಸೆಲೆಕ್ಟ್ ಮಾಡ್ಕೊಳ್ಳಲಿ. ಮಹಡಿ ಶೀಟ್ ಒಳಗೇ ಇಡು, ಎಲ್ಲಾ ಮಹಡಿಗೂ ಬರ್ತದೆ. ನೀಟಾಗಿ ಮಾಡು, ನೀನ್ ನೀಟಾಗ್ ಮಾಡ್ತೀಯ."

ಯಶ್ವಂತ್ ಸೋಮಾರಿತನದಿಂದ ಮಾಡಿದ್ದನ್ನು ನಾನು ಅಚ್ಚುಕಟ್ಟಾಗಿ ಮಾಡಬೇಕಂತೆ. ಅಂಚಿಗೆ ಪಿನ್ ಇಟ್ಟು, ಗೆರೆಗಳನ್ನು ನೇರ ಎಳೆದು, ಒಂದೂ ವಾರ್ನಿಂಗ್ ಬರದ ಹಾಗೆ. ನನ್ನ ಕಸುಬಿನ ಮೇಲೆಯೇ ಯಾರೋ ಉಗುಳಿದಂತಾಯಿತು. ಬ್ಯಾಗ್ ತೆಗೆದುಕೊಂಡು ಹೊರಟೆ.

ವಿಜಯನಗರದ ಆ ಕಟ್ಟಡಕ್ಕೆ ಬಂದಾಗ ಮುನಿರಾಜು ಗೇಟಿನಲ್ಲೇ ನಿಂತಿದ್ದರು. ಬಿಳಿ ಷರಟು, ಕುತ್ತಿಗೆಯಲ್ಲಿ ದಪ್ಪ ಸರ. ಬಂದ ಕೆಲಸ ಹೇಳಿದೆ. "ಆಯ್ತಮ್ಮ, ನೀವ್ ಓದಿರೋರು, ನೀವ್ ಹೇಳೋದು ಸರಿನೇ ಇರ್ಬೋದು. ಆದ್ರೆ ಫೋನ್ ಮಾಡ್ಸಿದ್ದು ನಮ್ಮಕ್ಕ. ಅವ್ಳತ್ರನೇ ಮಾತಾಡಿ" ಎಂದು ಕೈ ತೊಳೆದುಕೊಂಡರು.

ಬಾಡಿಗೆಯವರು ಯಾರೋ ಕೂಗಾಡಿರಬೇಕು ಎಂದುಕೊಂಡಿದ್ದೆ. ಯಾರಾದರೂ ಬಿದ್ದರೆ ಮೊದಲು ಬೀಳುವವರೇ ಹೀಗೆ ಹಟ ಹಿಡಿದಿದ್ದರು. ನಾನು ಹೋದ ಲಿಫ್ಟ್ ಮೂರನೇ ಮಹಡಿಯಲ್ಲಿ ನಿಂತಾಗ ವಿಮಲಮ್ಮ ಕೈಚೀಲ ಹಿಡಿದು ಅದಕ್ಕೇ ಕಾದು ನಿಂತಿದ್ದರು. ನಾನು ಹೊರಗೆ ಬಂದೆ. ಬಾಗಿಲನ್ನು ಹಿಂದಕ್ಕೆ ತಳ್ಳಿದರೂ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಕೊಂಡಿಗೆ ಮತ್ತೆ ಲಾಡಿ ಕಟ್ಟಿತ್ತು.

"ಯಾರು? ಅವತ್ತು ಬಂದಿದ್ದ ಹುಡ್ಗೀನಾ?"

"ಹೌದಮ್ಮ. ಮತ್ತೆ ಯಾಕ್ ಜೋಡ್ಸಿದ್ರಿ?"

"ನೋಡಮ್ಮ, ನಾಲ್ಕ್ ದಿನ ಕೆಳಗಿಳಿಯಕ್ಕಾಗ್ಲಿಲ್ಲ ನಂಗೆ. ಇಲ್ಲಿ ನಿಂತ್ಕೊಂಡು ಬಟನ್ ಒತ್ತಿ ಒತ್ತಿ ಬೆಳ್ಳು ನೋವು. ಬಾಗ್ಲು ಹಾಕ್ರೋ ಅಂತ ಕೂಗುದ್ರೆ ಕೇಳ್ಸೋರು ಯಾರು? ಒಂದಿನ ಮೆಟ್ಲು ಇಳ್ದೆ. ಆಮೇಲೆ ಎರಡು ದಿನ ಮಲ್ಗಿದ್ದೆ."

"ಅಮ್ಮ, ಈಗಿರೋ ಹಂಗಿದ್ರೆ ನೀವು ಬಾಗ್ಲು ತೆಗ್ದಾಗ ಒಳಗೆ ಲಿಫ್ಟ್ ಇದೆ ಅನ್ನೋ ಗ್ಯಾರಂಟಿ ಇಲ್ಲ. ಬಾಗ್ಲು ತೆಕ್ಕೊಂಡಿದ್ರೂ ಅದು ಹೊರಟೋಗತ್ತೆ. ಮೂರು ಮಹಡಿ ಕೆಳಗೆ ಬೀಳ್ತೀರ."

"ನಾನೇನ್ ಮಗುನಾ. ನೋಡ್ಕೊಂಡು ಹತ್ತೀನಿ."

ಅವರು ನನಗೆ ತಮ್ಮ ತಮ್ಮನ ಗುಣ, ಅಳಿಯನ ಗುಣ, ಎರಡನೇ ಮಹಡಿಯವರ ಗುಣ ಹೇಳುತ್ತಿದ್ದಂತೆ ಕೆಳಗೆ ಯಾರೋ ಬಟನ್ ಒತ್ತಿರಬೇಕು. ಅರೆ ತೆರೆದ ಬಾಗಿಲಿನ ಹಿಂದೆ ಲಿಫ್ಟ್ ಸಣ್ಣಗೆ ಗುಂಯ್‌ಗುಡುತ್ತ ಇಳಿದುಹೋಯಿತು. ನನಗೆ ಗೊತ್ತಾಯಿತು, ಅವರಿಗೆ ಗೊತ್ತಾಗಲಿಲ್ಲ. ಕೆಳಗೆ ಬೀದಿಯಲ್ಲಿ ತೆಂಗಿನಕಾಯಿಯವನು ಕೂಗುತ್ತಿದ್ದ. "ಬರ್ತೀನಮ್ಮ, ಸೊಪ್ಪಿನವ್ಳು ಹೊರಟೋಗ್ತಾಳೆ" ಎಂದು ವಿಮಲಮ್ಮ ತಿರುಗಿ, ಬಾಗಿಲು ಎಳೆದು, ದಿನಾ ಇಡುವ ಹಾಗೆ ಕಾಲು ಮುಂದಿಟ್ಟರು.

ನಾನು ಅವರ ತೋಳನ್ನೂ ಸೆರಗನ್ನೂ ಒಟ್ಟಿಗೆ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಹೊಸ್ತಿಲ ಈಚೆ ಬಿದ್ದೆವು. ಅವರ ಒಂದು ಚಪ್ಪಲಿ ಒಳಗೆ ಹೋಯಿತು. ತುಂಬಾ ಹೊತ್ತಾದ ಮೇಲೆ ಎಂಬಂತೆ ಕೆಳಗಿಳಿದ ಲಿಫ್ಟಿನ ತಲೆಯ ಮೇಲೆ ಅದು ಬಿದ್ದ ಸದ್ದು ಕೇಳಿತು.

ಮೆಟ್ಟಿಲ ಮೇಲೆ ಕೂರಿಸಿದೆ. ಬಾಟಲಿಯಿಂದ ನೀರು ಕುಡಿಸಿದೆ. ಈಗಲಾದರೂ ಗೊತ್ತಾಯಿತಲ್ಲ ಎಂದುಕೊಂಡೆ, ದೇವರ ದಯೆ ಎಂದುಕೊಂಡೆ. ವಿಮಲಮ್ಮ ಬಾಯಿ ಒರೆಸಿಕೊಂಡು ನನ್ನ ಕೈ ಹಿಡಿದುಕೊಂಡರು.

"ಯಾರಿಗೂ ಹೇಳ್ಬೇಡ ಕಣಮ್ಮ. ತಮ್ಮನಿಗೆ ಗೊತ್ತಾದ್ರೆ ನನ್ನ ಇಳಿಯಕ್ ಬಿಡಲ್ಲ. ಇನ್ಮೇಲೆ ಕೋಲು ಹಾಕಿ ನೋಡಿ ಹತ್ತೀನಿ. ಲಿಫ್ಟ್ ಮಾತ್ರ ಮುಟ್ಬೇಡ."

ನನಗೆ ನಿಜವಾಗಿಯೂ ವಾಕರಿಕೆ ಬಂತು. ಯಾರ ಮೇಲೆ ಎಂದು ಹೇಳಲಾರೆ. ಆ ಮುದುಕಿಯ ಮೇಲೆ ಬಂದಿದ್ದರೆ ಅದು ತಪ್ಪು, ಅವರಿಗೆ ಬೀದಿ ಬೇಕಿತ್ತು ಅಷ್ಟೇ. ಆದರೆ ಅವರ ಮೇಲೂ ಬಂತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಕಿವಿ ಕೆರೆಯುವ ನಾಗೇಂದ್ರ, ಪಫ್ ತಿನ್ನುವ ಯಶ್ವಂತ್, ಹೇಳಿ ಕೈ ಬಿಟ್ಟ ದುಂಡಪ್ಪ, ಸರ ಹಾಕಿಕೊಂಡು ಗೇಟಿನಲ್ಲಿ ನಿಂತ ಮುನಿರಾಜು, ಬಾಗಿಲು ಮುಚ್ಚಲು ಸೋಮಾರಿತನ ಪಡುವ ಹುಡುಗರು, ಎಲ್ಲರಿಗೂ ಇದು ಹೀಗೇ ಇರಬೇಕಿತ್ತು. ತಪ್ಪು ಡ್ರಾಯಿಂಗಿನಲ್ಲಿದೆ, ಗೆರೆ ತಿದ್ದಿದರೆ ಮುಗಿಯಿತು ಎಂದು ಹೊರಟಿದ್ದ ನಾನು ಎಂಥ ಪೆದ್ದಿ.

ಮೊದಲು ಲಾಡಿ ಬಿಚ್ಚಿ ಬಾಗಿಲನ್ನು ಒತ್ತಿ ಮುಚ್ಚಿದೆ. ವಿಮಲಮ್ಮನನ್ನು ಒಳಗೆ ಕೂರಿಸಿ ಟೆರೇಸಿಗೆ ಹೋಗಿ ಮೇನ್ ಇಳಿಸಿದೆ. ಅಲ್ಲೇ ನಿಂತು ಲಿಫ್ಟ್ ಇನ್‌ಸ್ಪೆಕ್ಟರರ ಆಫೀಸಿಗೆ ಫೋನ್ ಮಾಡಿದೆ. ಬೋರ್ಡಿನ ಫೋಟೋ, ನೆಟ್‌ಲಿಸ್ಟಿನ ಆ ಹಾಳೆ, ನಾವು ಬೋರ್ಡ್ ಕೊಟ್ಟ ಕಟ್ಟಡಗಳ ವಿಳಾಸ ಎಲ್ಲ ಕಳಿಸಿದೆ. ನಾನು ಯಾರು, ಎಲ್ಲಿ ಕೆಲಸ ಮಾಡುತ್ತೇನೆ ಎಂದೂ ಬರೆದೆ. ಆ ಕೆಲಸ ಅಂದಿಗೇ ಮುಗಿಯಿತು. ನಾಗೇಂದ್ರ ಫೋನಿನಲ್ಲಿ ಕೂಗಲಿಲ್ಲ, "ಅನ್ನ ಹಾಕಿದ್ ಕೈ ಕಚ್ಚಿದ್ಯಲ್ಲಮ್ಮ" ಎಂದು ಮೆಲ್ಲಗೆ ಹೇಳಿ ಇಟ್ಟರು. ಹಾಗೆ ಮೆಲ್ಲಗೆ ಹೇಳಿದ್ದೇ ನನಗೆ ಇನ್ನಷ್ಟು ಅಸಹ್ಯವಾಯಿತು.

ನಮ್ಮ ಬೋರ್ಡ್ ಇರುವ ಲಿಫ್ಟುಗಳಿಗೆಲ್ಲ ಒಂದೊಂದಾಗಿ ಸೀಲ್ ಬಿತ್ತು. ಬೇರೆ ಕಂಪನಿಯ ಬೋರ್ಡ್ ಹಾಕಿಸಿ, ಎಲ್ಲ ಬಾಗಿಲಿನ ಕೊಂಡಿ ಸರಿ ಮಾಡಿಸಿ ತೋರಿಸಿದರೆ ಸೀಲ್ ತೆಗೆಯುತ್ತಾರೆ. ಕೆಲವರು ಮಾಡಿಸಿದರು. ಮುನಿರಾಜು ಇನ್ನೂ ನಾಗೇಂದ್ರರ ಜೊತೆ ದುಡ್ಡು ನೀನು ಕೊಡು ನೀನು ಕೊಡು ಎಂದು ಎಳೆದಾಡುತ್ತಿದ್ದಾರೆ ಎಂದು ಕೇಳಿ ನನಗೆ ಮನೆಯಲ್ಲಿ ಕೂತಿರಲು ಆಗಲಿಲ್ಲ. ಮೊನ್ನೆ ಹೋದೆ.

ವಿಮಲಮ್ಮ ಮೆಟ್ಟಿಲಲ್ಲಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ, ಎರಡು ಕೈಯಲ್ಲೂ ಕಂಬಿ ಹಿಡಿದು, ಒಂದು ಕಾಲು ಇಳಿಸಿ, ಅದರ ಪಕ್ಕ ಇನ್ನೊಂದು ಕಾಲು ತಂದು, ಉಸಿರು ತೆಗೆದುಕೊಳ್ಳುತ್ತಿದ್ದರು. ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ನಾನು ಮೇಲೆ ಹತ್ತಿ, "ಅಮ್ಮ, ಕೈ ಕೊಡಿ" ಎಂದೆ.

ಚೀಲ ಬಾಯಿಂದ ಬಿತ್ತು. ದನಿ ಗುರುತು ಹಿಡಿದಿದ್ದರು.

"ಬಂದ್ಯಾ? ನೋಡ್ಕೊಂಡ್ ಹೋಗಕ್ ಬಂದ್ಯಾ? ನೋಡು."

"ಹಿಡ್ಕೊಳ್ಳಿ ಅಮ್ಮ, ನಾನ್ ಇಳಿಸ್ತೀನಿ."

"ಥೂ. ಮುಟ್ಬೇಡ ನನ್ನ."

ಆ ಥೂ ನನಗೆ ಚೆನ್ನಾಗಿ ಪರಿಚಯದ್ದು. ಇಷ್ಟು ದಿನ ನಾನು ಎಲ್ಲರ ಮೇಲೂ ಮನಸ್ಸಿನಲ್ಲೇ ಅಂದುಕೊಂಡು ತಿರುಗುತ್ತಿದ್ದದ್ದು ಅದೇ. ಚೀಲ ಎತ್ತಿಕೊಂಡೆ. ಅವರು ಮುಟ್ಟಿಸಿಕೊಳ್ಳಲಿಲ್ಲ, ನಾನೂ ಮುಟ್ಟಲಿಲ್ಲ. ಬಿದ್ದರೆ ಹಿಡಿಯಬೇಕಲ್ಲ ಎಂದು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅವರ ಕಡೆ ಮುಖ ಮಾಡಿ, ಹಿಮ್ಮುಖವಾಗಿ ಇಳಿದೆ. ಅವರು ನನ್ನನ್ನೂ ನನ್ನನ್ನು ಹೆತ್ತವರನ್ನೂ ಬೈಯುತ್ತ ಇಳಿದರು. ಬೈಗುಳದ ನಡುವೆ ನಿಂತು ಉಸಿರಾಡಿದರು, ಮತ್ತೆ ಬೈದರು.

ಬೀದಿಗೆ ಬಂದಾಗ ಗೇಟಿನ ಮುಂದೆ ಸೊಪ್ಪಿನ ಗಾಡಿ ನಿಂತಿತ್ತು, ಸುತ್ತ ನಾಲ್ಕೈದು ಹೆಂಗಸರಿದ್ದರು. ವಿಮಲಮ್ಮ ಗೇಟಿನ ಕಂಬಕ್ಕೆ ಒರಗಿ, ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ನೋಡ್ರೇ, ನನ್ ಲಿಫ್ಟ್ ಕಿತ್ಕೊಂಡೋಳು ಇವ್ಳೇ" ಎಂದು ಬೆರಳು ಚಾಚಿದರು. ಬೆರಳು ತೋರಿಸಿದ ಜಾಗದಲ್ಲಿ ನಿಂತಿದ್ದ ಸ್ಕೂಟರ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹೆಂಗಸರು ಆ ಸ್ಕೂಟರನ್ನೂ ನನ್ನನ್ನೂ ನೋಡಿದರು. ನಾನು ಎರಡು ಹೆಜ್ಜೆ ಸರಿದು ಅವರ ಬೆರಳಿನ ಎದುರಿಗೆ ಹೋಗಿ ನಿಂತೆ.